ನಾಯ್ನನ ಫೋನಿಗೆ ಬರುತ್ತಿದ್ದ ಸಾವಿತ್ರಿ

ಆ ಕಾಲ ಎಂದು ಶುರು ಮಾಡಿದರೆ ನೀವು ನಗಬಹುದು. ನನ್ನ ತಲೆಯಲ್ಲಿ ಇನ್ನೂ ಒಂದು ಬಿಳಿ ಕೂದಲಿಲ್ಲ, ಆ ಕಾಲವೂ ಅಷ್ಟೇನೂ ಹಳೆಯದಲ್ಲ. ಆದರೆ ಇಡೀ ಮನೆಗೆ ಒಂದೇ ಫೋನು ಇದ್ದ ಕಾಲ ಅದು. ಅಷ್ಟು ಸಾಕು, ಆ ಕಾಲ ಎಂದೇ ಹೇಳುತ್ತೇನೆ. ಫೋನು ಅಪ್ಪನದು. ನಮ್ಮ ಕಡೆ ಅಪ್ಪನನ್ನು ನಾಯ್ನ ಅನ್ನುತ್ತೇವೆ, ಅಜ್ಜಿಯನ್ನು ಅವ್ವ. ಕೋಲಾರ ಜಿಲ್ಲೆಯ ಗಡಿಯಲ್ಲಿರುವ ರಾಯಲ್ಪಾಡಿನ ಸುತ್ತಿನ ಹಳ್ಳಿಗಳಲ್ಲಿ ಹಸುವನ್ನು ಗದರಿಸುವುದು ತೆಲುಗಿನಲ್ಲಿ, ಪಂಚಾಯ್ತಿ ಆಫೀಸಿನಲ್ಲಿ ಜಗಳ ಆಡುವುದು ಕನ್ನಡದಲ್ಲಿ. ಎರಡೂ ನಮ್ಮವೇ. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆ ಎಂದು ಯಾರೂ ನೋಡಿಕೊಂಡು ಕೂತಿರಲಿಲ್ಲ. ನಾನೂ ನೋಡಿಕೊಂಡಿರಲಿಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಫೇಲಾಗುವವರೆಗೆ.

ಹೌದು, ಕನ್ನಡಕ್ಕೇ. ಲೆಕ್ಕಕ್ಕಲ್ಲ, ಇಂಗ್ಲಿಷಿಗಲ್ಲ. ನಾನೀಗ ಕೋಲಾರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೇನೆ. ಸೂಜಿ ಹಿಡಿಯುವವರಿಗೆ ಸುತ್ತಿ ಬಳಸಿ ಹೇಳಿ ಅಭ್ಯಾಸವಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆ ವರ್ಷ ನಮ್ಮೂರಲ್ಲಿ ಇಂಟರ್ನೆಟ್ಟು ಅಗ್ಗವಾಗಿತ್ತು. ಯಾರೋ ಒಬ್ಬ ಮೇಷ್ಟ್ರು ಹತ್ತನೇ ಕ್ಲಾಸಿನ ಲೆಕ್ಕಗಳನ್ನು ವಿಡಿಯೋ ಮಾಡಿ ಹಾಕುತ್ತಿದ್ದರು. ಅದರ ಕೆಳಗೆ ರಾಜ್ಯದ ಮೂಲೆಮೂಲೆಯ ಮಕ್ಕಳು 'ಸಾರ್ ಅರ್ಥ ಆಗ್ಲಿಲ್ಲ', 'ಸಾರ್ ಮತ್ತೊಮ್ಮೆ' ಎಂದು ಬರೆಯುತ್ತಿದ್ದೆವು. ಅಲ್ಲಿಂದ ಯಾರೋ ಒಂದು ಗ್ರೂಪು ಮಾಡಿದರು. ಅದಕ್ಕೆ 'ಹತ್ತರ ಗಂಡಾಂತರ' ಎಂದು ಹೆಸರಿಟ್ಟವಳು ಸಾವಿತ್ರಿ. ಅವಳದು ಮುಧೋಳದ ಹತ್ತಿರ ಯಾವುದೋ ಹಳ್ಳಿ. ಫೋಟೋ ಜಾಗದಲ್ಲಿ ಒಂದು ಎಮ್ಮೆಕರು ಇಟ್ಟುಕೊಂಡಿದ್ದಳು. ಇನ್ನೊಬ್ಬ ರೋಹಿತ್, ಪುತ್ತೂರಿನವನು. ಅವನ ಫೋಟೋ ಜಾಗದಲ್ಲಿ ಒಂದು ಬೈಕಿತ್ತು, ಅದು ಅವನದಲ್ಲ. ನಾನು ನಮ್ಮ ತೋಟದ ಬೆನಿಷಾ ಮಾವಿನ ಗೊಂಚಲು ಹಾಕಿದ್ದೆ. ಗ್ರೂಪಿನಲ್ಲಿ ಬಹಳ ಜನ ಇದ್ದರು, ಬಾಯಿ ಬಿಡುತ್ತಿದ್ದವರು ನಾವು ಮೂವರೇ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಪರೀಕ್ಷೆಗೆ ಮುಂಚೆ ಮೂವರೂ ರಿಜಿಸ್ಟರ್ ನಂಬರು ಹಂಚಿಕೊಂಡಿದ್ದೆವು. ಫಲಿತಾಂಶದ ದಿನ ಯಾರ ಊರಿನಲ್ಲಿ ನೆಟ್‌ವರ್ಕ್ ಇರುತ್ತದೋ ಅವರು ಎಲ್ಲರದನ್ನೂ ನೋಡಬೇಕೆಂದು ಒಪ್ಪಂದ. ಅದು ರೋಹಿತನ ಪಾಲಿಗೆ ಬಂತು. ಮೇ ತಿಂಗಳು. ನಮ್ಮ ಮನೆಯ ಒಳಕೋಣೆಯಲ್ಲಿ ಅಮ್ಮ ಹುಲ್ಲು ಹಾಸಿ ಮನೆಮಟ್ಟಿಗೆ ಮಾವಿನಕಾಯಿ ಮಾಗಲು ಇಟ್ಟಿದ್ದಳು. ಆ ಬಿಸಿ, ಸಿಹಿ, ಸ್ವಲ್ಪ ಹುಳಿ ವಾಸನೆ ಹಾಸಿಗೆ ಬಟ್ಟೆಗೆಲ್ಲ ಹತ್ತಿತ್ತು. ನಾಯ್ನ ಊಟಕ್ಕೆ ಬಂದಾಗ ಫೋನು ಕಿತ್ತುಕೊಂಡು ನೀರಿನ ಟ್ಯಾಂಕಿನ ಕಟ್ಟೆಗೆ ಓಡಿದೆ. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ.

ರೋಹಿತ್ ಬರೆದಿದ್ದ: "ಲಾವಣ್ಯ, ನಿಂದು ಎಲ್ಲ ಒಳ್ಳೆದುಂಟು. ಕನ್ನಡ ಒಂದು ಸ್ವಲ್ಪ ನೋಡ್ಲಿಕ್ಕೆ ಉಂಟು ಅಷ್ಟೆ."

ಪಾಪ, ಒಳ್ಳೆಯ ಹುಡುಗ. ಕೆಟ್ಟ ಸುದ್ದಿಯನ್ನೂ ಇಸ್ತ್ರಿ ಮಾಡಿ ಕೊಟ್ಟಿದ್ದ. ನಾನು ಎರಡನೇ ಸಲ ಓದಲಿಲ್ಲ. ಫೋನು ತಂದು ನಾಯ್ನನ ಪಕ್ಕ ಇಟ್ಟು ಒಳಕೋಣೆಗೆ ಹೋಗಿ ಹುಲ್ಲಿನ ಪಕ್ಕ ಮಲಗಿದೆ.

ಫೇಲಾದದ್ದು ಯಾಕೆಂದು ಈಗ ನೆಮ್ಮದಿಯಾಗಿ ಹೇಳಬಲ್ಲೆ. ಕನ್ನಡ ಓದಬೇಕೆಂದು ನಮ್ಮಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ. ಬರುತ್ತಲ್ಲ, ಓದುವುದೇನು? ವರ್ಷಪೂರ್ತಿ ಲೆಕ್ಕ, ವಿಜ್ಞಾನ ಎಂದು ಬಡಿದಾಡಿ ಕನ್ನಡದ ಪುಸ್ತಕವನ್ನು ಹಿಂದಿನ ದಿನ ತೆರೆದೆ. ಪರೀಕ್ಷೆಯಲ್ಲಿ 'ಕೈ ಕೆಸರಾದರೆ ಬಾಯಿ ಮೊಸರು' ಗಾದೆಯನ್ನು ವಿಸ್ತರಿಸಿ ಎಂದರೆ ಊಟಕ್ಕೆ ಮುಂಚೆ ಕೈ ತೊಳೆಯಬೇಕೆಂದೂ ನಮ್ಮವ್ವ ಮೊಸರಿಗೆ ಹೆಪ್ಪು ಹಾಕುವುದು ಹೇಗೆಂದೂ ಅರ್ಧ ಪುಟ ಬರೆದಿದ್ದೆ. ಪದ್ಯ ಬಾಯಿಪಾಠ ಬರಲಿಲ್ಲ. ಪ್ರಬಂಧದಲ್ಲಿ ಕನ್ನಡ ಮುಗಿದಾಗ ತೆಲುಗು ಹಾಕಿದ್ದೆ. ತಿದ್ದಿದವರದು ಏನೂ ತಪ್ಪಿಲ್ಲ.

ಆದರೆ ಆಗ ಈ ನೆಮ್ಮದಿ ಎಲ್ಲಿತ್ತು? ನಮ್ಮ ಕಡೆ ಒಂದು ಪದ್ಧತಿ. ಮಾವಿನ ಕಾಲದಲ್ಲಿ ಮನೆಗೆ ಬಂದವರು ಹಣ್ಣು ತಿನ್ನದೆ ಎದ್ದು ಹೋಗುವಂತಿಲ್ಲ. ಕೂರಿಸಿ, ಬಕೆಟ್ ನೀರಿನಲ್ಲಿ ಹಣ್ಣು ಹಾಕಿ ಮುಂದಿಡಬೇಕು. ಅವರು ತಿಂದು, ಗೊರಟೆ ಚೀಪಿ, ಈ ಸಲದ ರುಚಿ ಹೇಗೆಂದು ತೀರ್ಪು ಕೊಟ್ಟ ಮೇಲೆಯೇ ಹೊರಡಬೇಕು. ಗೊರಟೆ ಚೀಪುವಷ್ಟು ಹೊತ್ತು ಬಾಯಿ ಸುಮ್ಮನಿರುವುದಿಲ್ಲವಲ್ಲ. ಎಲ್ಲರಿಗೂ ಸಿಕ್ಕಿದ್ದು ನನ್ನ ಫಲಿತಾಂಶ.

"ಲೆಕ್ಕ ಪಾಸು, ಇಂಗ್ಲಿಷ್ ಪಾಸು, ಕನ್ನಡ ಫೇಲಾ? ಅದೆಂಗೆ ಕಣೇ?" ಅಂದಳು ಎದುರುಮನೆಯ ಅತ್ತೆ.

"ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಂಗೆ," ಅಂದರು ಅಂಗಡಿಯವರು, ರಸ ಮೊಣಕೈಗೆ ಇಳಿಯುತ್ತಿದ್ದರೂ ಲೆಕ್ಕಿಸದೆ.

ನೋಡಿ, ಅವರಿಗೂ ಗಾದೆ ಸರಿಯಾಗಿ ಬರುತ್ತಿತ್ತು. ಅವ್ವ ಮಾತ್ರ ನನ್ನ ತಲೆ ಸವರಿ "ಪೋನೀ ಲೇವೇ" ಅಂದಳು. ಹೋಗಲಿ ಬಿಡೇ ಎಂದು. ಅವಳು ಹಾಗೆ ತೆಲುಗಿನಲ್ಲಿ ಅಂದಿದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. ನಾಯ್ನ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಮತ್ತೆ ಬರಿಯೋ ಹಂಗಿದ್ರೆ ಬರಿ, ಇಲ್ದಿದ್ರೆ ಬಿಡು" ಎಂದು ಕಾಯಿ ತುಂಬಲು ಹೋದರು. ಸೀಸನ್ನಿನಲ್ಲಿ ಅವರಿಗೆ ಮಗಳು ಯಾರು, ಮರ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ನಾನು ಬಿಟ್ಟೆ. ಜೂನಿನಲ್ಲಿ ಮರುಪರೀಕ್ಷೆ ಇತ್ತು, ಅದಕ್ಕೆ ಶಾಲೆಗೆ ಹೋಗಿ ಹೆಸರು ಬರೆಸಬೇಕಿತ್ತು. ಬರೆಸಿದರೆ ಶ್ರೀನಿವಾಸಪುರದ ಕಾಲೇಜು, ಬೆಳಗಿನ ಬಸ್ಸು, ಜೊತೆಯ ಹುಡುಗಿಯರು. ಬರೆಸದಿದ್ದರೆ ಟೊಮೇಟೊ ತೋಟ, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಮತ್ತೆ ಯಾರಾದರೂ ಬಂದು ಕೇಳಿದರೆ ಮದುವೆ. ಅಷ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಶಾಲೆಯ ಗೇಟು ದಾಟಿ ಕನ್ನಡ ಮೇಷ್ಟ್ರ ಮುಂದೆ ನಿಲ್ಲುವುದಕ್ಕಿಂತ ಸೊಪ್ಪು ಕೊಯ್ಯುವುದೇ ವಾಸಿ ಎಂದು ತೀರ್ಮಾನಿಸಿದೆ. ಫೋನು ಮುಟ್ಟಲಿಲ್ಲ. ಅನ್ನವನ್ನೂ ಸರಿಯಾಗಿ ಮುಟ್ಟಲಿಲ್ಲ. ಫೋನು ದಿನಾ ನಾಯ್ನನ ಜೇಬಿನಲ್ಲಿ ಮಾವಿನ ಮಂಡಿಗೆ ಹೋಗಿ ಬರುತ್ತಿತ್ತು.

ಮುಂದಿನದು ನಡೆದದ್ದು ಆ ಮಂಡಿಯಲ್ಲೇ. ನಾನು ಕಂಡದ್ದಲ್ಲ, ಹೇಳಿದ್ದು ಕೇಳಿದ್ದು.

ಶ್ರೀನಿವಾಸಪುರದ ಮಂಡಿಗಳ ಮುಂದೆ ಬೆಳಗ್ಗೆ ಟ್ರಾಕ್ಟರು, ಟೆಂಪೋಗಳ ಸಾಲು ನಿಲ್ಲುತ್ತದೆ. ಪಾಳಿ ಬಂದು ಕಾಯಿ ಸುರಿದು ಹರಾಜು ಕೂಗುವವರೆಗೆ ಬೆಳೆಗಾರರಿಗೆ ಕೆಲಸವಿಲ್ಲ. ಬೀಡಿ, ಟೀ, ಫೋನು. ನಾಯ್ನನಿಗೆ ಓದು ಎರಡು ಭಾಷೆಯಲ್ಲೂ ಅಷ್ಟಕ್ಕಷ್ಟೆ. ಬರೆದು ಬಂದದ್ದನ್ನು ಮುಟ್ಟುತ್ತಿರಲಿಲ್ಲ. ಆದರೆ ಧ್ವನಿಯಲ್ಲಿ ಬಂದದ್ದು ಯಾರದೇ ಇರಲಿ, ಒತ್ತಿ ಕೇಳುವುದು ಅವರ ಹಕ್ಕು. ಅವರ ಫೋನಿನ ಸೌಂಡು ಯಾವಾಗಲೂ ಪೂರ್ತಿ ಮೇಲಿರುತ್ತಿತ್ತು, ತೋಟದಲ್ಲಿ ಮೋಟರು ಓಡುವಾಗಲೂ ಕೇಳಬೇಕೆಂದು. ಒತ್ತಿದರು. ಹತ್ತಾರು ಜನರ ಮಧ್ಯೆ ಒಂದು ಹುಡುಗಿಯ ಧ್ವನಿ ಹೊರಟಿತು.

"ಏ ಲಾವಣ್ಯಾ, ಎಲ್ಲಿ ಸತ್ತೀ? ರಿಜಲ್ಟ್ ಬಂದು ವಾರ ಆಗಾಕ ಬಂತು, ಮಾತಿಲ್ಲ ಕತಿಯಿಲ್ಲ. ನಾ ಎರಡ್ರಾಗ ಡುಮ್ಕಿ ಹೊಡದೀನಿ, ಉಂಡು ತಿಂದು ಗಟ್ಟಿ ಅದೀನಿ. ನೀ ಒಂದ್ರಾಗ ಹ್ವಾದ್ರ ಏನ್ ಆಕಾಶ ಕಳಚಿ ಬಿತ್ತೇನ? ಅಂಜಬ್ಯಾಡ. ಮೊದ್ಲ ಬಾಯಿ ಬಿಡು."

ಮಂಡಿಯೆಲ್ಲ ತಿರುಗಿ ನೋಡಿತಂತೆ. ಹರಾಜು ಕೂಗುವ ಪಾಷಾ ಭಾಯ್, ಕೂಗುವುದನ್ನು ನಿಲ್ಲಿಸಿ ಕೇಳಿದರಂತೆ: "ಏನ್ ಕಿಟ್ಟಣ್ಣ, ಯಾರಪ್ಪಾ ಈ ಮೇಡಮ್ಮು? ಎಲ್ಲಿ ಸತ್ತೆ ಅಂತ ಕೇಳ್ತವ್ಳೆ!"

"ನನ್ನಲ್ಲ ಭಾಯ್, ನನ್ ಮಗಳನ್ನ," ಅಂದರಂತೆ ನಾಯ್ನ. ಆಮೇಲೆ ಮಗಳು ಕನ್ನಡಕ್ಕೆ ಹೋಗಿದ್ದು, ಊಟ ಬಿಟ್ಟಿದ್ದು, ಶಾಲೆಗೆ ಹೋಗಲ್ಲ ಅಂದಿದ್ದು, ಎಲ್ಲ ಅಲ್ಲೇ ಬಿಚ್ಚಿದ್ದಾರೆ. ನನ್ನ ಮುಂದೆ ಎರಡು ಮಾತು ಆಡದ ಮನುಷ್ಯ ಮಂಡಿಯ ಮುಂದೆ ಇಷ್ಟೂ ಹೇಳಿದ್ದಾರೆ.

"ಜವಾಬು ಕೊಡಪ್ಪಾ ಆ ಹುಡ್ಗೀಗೆ. ಅಷ್ಟು ದೂರದಿಂದ ಕೇಳ್ತವ್ಳೆ," ಅಂದರಂತೆ ಪಾಷಾ ಭಾಯ್. ಮೈಕಿನ ಗುರುತು ಯಾವುದು, ಎಷ್ಟು ಹೊತ್ತು ಒತ್ತಿ ಹಿಡಿಯಬೇಕು ಎಂದು ತೋರಿಸಿದವರೂ ಅವರೇ. ನಾಯ್ನ ಮಾತಾಡಿದ್ದನ್ನು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಹಿಂದೆ ಹರಾಜಿನ ಗದ್ದಲ, ಮುಂದೆ ಇವರ ಗಂಟಲು: "ಅಮ್ಮಾ, ನಾನು ಲಾವಣ್ಯ ಅಪ್ಪ ಮಾತಾಡ್ತಾ ಇರೋದು. ಅವ್ಳು ಅನ್ನ ತಿಂತಿಲ್ಲಮ್ಮ. ಇಸ್ಕೂಲ್‌ಗೂ ಹೋಗಲ್ಲ ಅಂತವ್ಳೆ. ನಾವು ಹೇಳಿದ್ರೆ ಕೇಳಲ್ಲ. ನೀನ್ ಹೇಳಮ್ಮ."

ಉತ್ತರ ಬರುವಾಗ ನಾಯ್ನನ ಕಾಯಿ ಸುರಿದಾಗಿತ್ತಂತೆ.

"ನಮಸ್ಕಾರ್ರಿ ಕಾಕಾ. ಆಕಿಗಿ ಬೈಬ್ಯಾಡ್ರಿ. ಅನ್ನಾ ಬಿಟ್ರ ಕನ್ನಡ ಬರತೈತೇನ್ರಿ? ಹೆಸರು ಬರಸೂದು ಈ ವಾರಾನ ಮುಗಿತೈತ್ರಿ. ನೀವೇ ಸಾಲಿಗಿ ಕರ್ಕೊಂಡು ಹೋಗ್ರಿ. ಬರ್ತೀ ಏನು ಅಂತ ಕೇಳಬ್ಯಾಡ್ರಿ, ಕೇಳಿದ್ರ ಒಲ್ಲೆ ಅಂತಾಳ. ನಡಿ ಅನ್ರಿ."

ಆ ಸಂಜೆ ನಾಯ್ನ ಮನೆಗೆ ಬಂದು ಕೈಕಾಲು ತೊಳೆಯಲಿಲ್ಲ. ಮೊಪೆಡ್ಡನ್ನೂ ನಿಲ್ಲಿಸಲಿಲ್ಲ. ಅಂಗಳದಿಂದಲೇ "ಪದವೇ" ಅಂದರು. ನಡಿಯೇ ಎಂದು. ಎಲ್ಲಿಗೆ ಎಂದು ಕೇಳಿದರೆ ಹೇಳಲಿಲ್ಲ. ಶಾಲೆಯ ಕನ್ನಡ ಮೇಷ್ಟ್ರ ಮನೆಯ ಮುಂದೆ ಇಳಿಸಿದರು. ಮೇಷ್ಟ್ರು ಪಂಚೆಯಲ್ಲಿ ಹೊರಗೆ ಬಂದು ನನ್ನನ್ನು ನೋಡಿ, "ಬಂದ್ಯಾ? ನಾಳೆ ಬೆಳಗ್ಗೆ ಬಾ, ಹೆಸರು ಬರ್ಕೋತೀನಿ," ಎಂದು ಒಳಗೆ ಹೋದರು. ನಾನು ಅಷ್ಟು ದಿನ ಹೆದರಿ ಸತ್ತದ್ದು ಈ ಒಂದು ಮಾತಿಗೆ.

ವಾಪಸು ಬರುವ ದಾರಿಯಲ್ಲಿ ನಾಯ್ನ ಫೋನು ಹಿಂದಕ್ಕೆ ಚಾಚಿದರು. "ಆ ಮುಧೋಳದ ಹುಡ್ಗಿ ಒಳ್ಳೆಯೋಳು. ಮಾತಾಡು," ಅಂದರು. ಫೋನಿನ ಗಾಜಿಗೆ ಮಾವಿನ ಸೊನೆ ಹತ್ತಿ ಬೆರಳು ಅಂಟುತ್ತಿತ್ತು. ಮೊಪೆಡ್ಡಿನ ಮೇಲೆಯೇ ಎಲ್ಲವನ್ನೂ ಕೇಳಿದೆ. ಕೇಳಿ ಅಳು ಬಂತು. ಗಾಳಿಗೆ ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವುದಿಲ್ಲ, ಅದೊಂದು ಅನುಕೂಲ.

ಅಲ್ಲಿಂದ ಸಾವಿತ್ರಿ ನನ್ನ ಮೇಲೆ ಅಧಿಕಾರ ಶುರು ಮಾಡಿದಳು. ದಿನಾ ಸಂಜೆ, ನಿಮ್ಮೂರಲ್ಲಿ ಇವತ್ತು ಏನಾಯಿತು ಎಂದು ಕನ್ನಡದಲ್ಲಿ ಹೇಳಬೇಕು. ಬಾಯಲ್ಲಿ ಹೇಳಿ, ಆಮೇಲೆ ಅದನ್ನೇ ಬರೆದು ಕಳಿಸಬೇಕು. ಬರೆದದ್ದನ್ನು ರೋಹಿತ್ ತಿದ್ದುತ್ತಾನೆ. ಅವನಿಗೆ ಕನ್ನಡದಲ್ಲಿ ಬೇಕಾದಷ್ಟು ಮಾರ್ಕು ಬಂದಿತ್ತು, ಎಷ್ಟೆಂದು ಕೇಳಿದರೆ ನಾಚಿಕೊಂಡು ಬೇರೆ ಮಾತು ತೆಗೆಯುತ್ತಿದ್ದ. "ಎಂತ ಮಾರಾಯ್ತಿ, ಇಷ್ಟು ಉದ್ದದ ವಾಕ್ಯ? ಮಧ್ಯ ಉಸಿರು ತೆಗೀಲಿಕ್ಕೆ ಬಿಡು," ಎನ್ನುತ್ತಿದ್ದ.

ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದೆ. ಮರದಿಂದ ಕಾಯಿ ಇಳಿಸುವ ಬಲೆಕೋಲು, ತೊಟ್ಟು ಮುರಿದಾಗ ಚಿಮ್ಮುವ ಸೊನೆ ತಾಗಿ ಬೊಬ್ಬೆ ಎದ್ದ ಕೆನ್ನೆ, ಗಾಳಿಗೆ ಉದುರಿದ ಕಾಯಿಗೆ ಮಕ್ಕಳ ಜಗಳ. ಮಧ್ಯೆ ತೆಲುಗು ನುಸುಳಿದರೆ ಇಬ್ಬರೂ ನಗುತ್ತಿರಲಿಲ್ಲ. ಅದಕ್ಕ ಏನಂತಾರ ಎಂದು ಸಾವಿತ್ರಿ ಕೇಳುವಳು. ಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದನ್ನು ಹೇಳಿದರೆ, ನಮ್ಮಲ್ಲಿ ಅಡಿ ಹಾಕೂದು ಅಂತೀವಿ ಎಂದು ಅವಳು, ನಮ್ಮಲ್ಲಿ ಹಣ್ಣಿಗೆ ಇಡುವುದು ಎಂದು ಅವನು. ಕನ್ನಡ ಎಂದರೆ ಪುಸ್ತಕದಲ್ಲಿರುವ ಒಂದೇ ಒಂದು, ಅದು ನಮ್ಮದಲ್ಲ ಎಂದುಕೊಂಡಿದ್ದೆ. ಅವಳದೂ ಪುಸ್ತಕದ ಹಾಗಿರಲಿಲ್ಲ, ಅವನದೂ ಇರಲಿಲ್ಲ. ಇಬ್ಬರಿಗೂ ಅದರ ಬಗ್ಗೆ ಚೂರೂ ಸಂಕೋಚವಿರಲಿಲ್ಲ. ಹಾಗಾದರೆ ನನಗೇಕೆ ಸಂಕೋಚ ಅನ್ನಿಸಿತು.

ಹಗಲು ಫೋನು ಮಂಡಿಯಲ್ಲಿರುತ್ತಿತ್ತಲ್ಲ, ಆಗ ಬಂದದ್ದೆಲ್ಲ ನಾಯ್ನನ ಪಾಲು. ಸಾವಿತ್ರಿ ಬೇಕೆಂದೇ ಹಗಲು ಒಂದಷ್ಟು ಕಳಿಸುತ್ತಿದ್ದಳು ಎಂದು ನನ್ನ ಅನುಮಾನ. "ಕಾಕಾ, ಇವತ್ತ ರೇಟ್ ಹ್ಯಾಂಗೈತ್ರಿ? ಆಕಿ ನಿನ್ನೆ ಬರದಿದ್ದು ಚಲೋ ಇತ್ತು, ನಾ ಹೇಳೀನಿ ಅಂತ ಹೇಳಬ್ಯಾಡ್ರಿ, ಜಂಬ ಬರತೈತಿ." ಮಂಡಿಯವರಿಗೆ ಅದು ಚಟವಾಯಿತು. ಟೀ ಬರುವ ಹೊತ್ತಿಗೆ ಪಾಷಾ ಭಾಯ್ "ಕಿಟ್ಟಣ್ಣ, ಮೇಡಂ ಇವತ್ತು ಏನಂದ್ರು?" ಎಂದು ಬರುವರಂತೆ. ನಾಯ್ನ ಒತ್ತುವರಂತೆ, ಎಲ್ಲರೂ ಕೇಳುವರಂತೆ. ಸಂಜೆ ನಾಯ್ನ ಊಟಕ್ಕೆ ಕೂತು ಅದನ್ನು ಅವ್ವನಿಗೆ ತೆಲುಗಿನಲ್ಲಿ ಒಪ್ಪಿಸುವರು, ಸಾವಿತ್ರಿಯ ರಾಗದ ಸಮೇತ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅಷ್ಟು ಮಾತು ಅದಕ್ಕೆ ಮುಂಚೆ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಜೀವನದಲ್ಲಿ ನಾನು ಅತಿ ಸುಖವಾಗಿದ್ದ ದಿನಗಳು ಅವು, ಫೇಲಾಗಿದ್ದ ಆ ದಿನಗಳು.

ಅವಳ ಎರಡು ವಿಷಯದ ಕಥೆ ಏನು ಎಂದು ರೋಹಿತ್ ಆಗಾಗ ಕೇಳುತ್ತಿದ್ದ. ಲೆಕ್ಕ, ಇಂಗ್ಲಿಷು ಎರಡನ್ನೂ ಅವಳು ಬರೆಯಬೇಕಿತ್ತು. "ನಂದೇನ್ ಕೇಳ್ತೀ, ನಂದ್ ಆಗತೈತಿ" ಎಂದು ಹಾರಿಸಿಬಿಡುತ್ತಿದ್ದಳು. ಹೆಸರು ಬರೆಸಿದ್ದೀಯಾ ಎಂದರೆ "ಅಣ್ಣ ಬರಸ್ತೀನಿ ಅಂದಾನ" ಎನ್ನುತ್ತಿದ್ದಳು. ಅವಳ ಫೋನು ಅವಳ ಅಣ್ಣನದು ಎಂಬುದು ನಮಗೆ ಗೊತ್ತಾಗಿದ್ದು ಹಾಗೆ.

ಕನ್ನಡ ಪರೀಕ್ಷೆಯ ದಿನ ಬಸ್ಸು ಶ್ರೀನಿವಾಸಪುರದ ಹೊರಗೆ ಮಾವಿನ ಟ್ರಾಕ್ಟರುಗಳ ಹಿಂದೆ ನಿಂತುಬಿಟ್ಟಿತು. ಪ್ರತಿ ಸೀಸನ್ನಿನ ಹಣೆಬರಹ ಅದು. ಸಾಲು ಬಿಟ್ಟು ಪಕ್ಕಕ್ಕೆ ಹೋದರೆ ಪಾಳಿ ತಪ್ಪುತ್ತದೆ, ಹಾಗಾಗಿ ಯಾರೂ ದಾರಿ ಬಿಡುವುದಿಲ್ಲ. ಇಳಿದು ನಡೆದೆ, ಆಮೇಲೆ ಓಡಿದೆ. ಮಂಡಿಯ ಮುಂದೆ ಪಾಷಾ ಭಾಯ್ ನನ್ನನ್ನು ನೋಡಿ "ಕಿಟ್ಟಣ್ಣನ ಮಗಳಲ್ವಾ? ಹೋಗು ತಾಯೀ, ಹೋಗು!" ಎಂದು ಹರಾಜಿನ ಗಂಟಲಿನಲ್ಲೇ ಕೂಗಿದರು. ಮಂಡಿಯ ಗುಂಪೆಲ್ಲ ಎರಡು ಕಡೆಗೆ ಸರಿದು ದಾರಿ ಬಿಟ್ಟಿತು. ಪರೀಕ್ಷೆ ಬರೆಯಲು ಹೀಗೆ ಮೆರವಣಿಗೆಯಲ್ಲಿ ಹೋದವಳು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಪ್ರಶ್ನೆಪತ್ರಿಕೆಯಲ್ಲಿ ಒಂದು ಪತ್ರ ಬರೆಯಬೇಕಿತ್ತು, ದೂರದ ಊರಿನ ಗೆಳತಿಗೆ, ನಿಮ್ಮ ಊರಿನ ವಿಶೇಷ ತಿಳಿಸಿ. ಗೆಳತಿ ಯಾರೆಂದು ಬೇರೆಯವರು ಯೋಚಿಸಿರಬೇಕು, ನನಗೆ ಆ ತೊಂದರೆ ಇರಲಿಲ್ಲ. 'ಪ್ರೀತಿಯ ಸಾವಿತ್ರಿಗೆ' ಎಂದು ಶುರು ಮಾಡಿದೆ. ಮಂಡಿ ಬರೆದೆ, ಪಾಷಾ ಭಾಯಿಯ ಗಂಟಲು ಬರೆದೆ, ಹುಲ್ಲಿನ ವಾಸನೆ ಬರೆದೆ. ಕೊನೆಗೆ ವಿಳಾಸ ಬರೆಯುವ ಜಾಗ ಬಂದಾಗ ಕೈ ನಿಂತಿತು. ಅವಳ ಊರಿನ ಹೆಸರೇ ನನಗೆ ಗೊತ್ತಿರಲಿಲ್ಲ. 'ಮುಧೋಳದ ಹತ್ತಿರ' ಎಂದಷ್ಟೇ ಬರೆದು ಕೊಟ್ಟು ಬಂದೆ.

ಸಂಜೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಕಳಿಸಿದೆ. ಅವಳು ಕೇಳಿದಳು. ಉತ್ತರ ಬಂತು, ಧ್ವನಿ ಎಂದಿನ ಹಾಗೇ ಇತ್ತು.

"ಬರದ್ಯಲ್ಲ, ಆತು ಬಿಡು. ನನ್ನ ಹೆಸರು ಪೇಪರ್‌ನಾಗ ಬಂತಂದ್ರ ನಾನೂ ಪಾಸ್ ಆದಂಗ! ನಾಳಿಗಿ ನಮ್ಮಣ್ಣ ಗೋವಾಕ್ಕ ಕೆಲಸಕ್ಕ ಹೊಂಟಾನ. ಫೋನ್ ಅಂವಂದ ಐತಲ್ಲ, ಒಯ್ತಾನ. ನನಗ ಮತ್ತೊಂದು ಸಿಕ್ಕ ಕೂಡ್ಲೆ ಬರ್ತೀನಿ. ಕಾಕಾಗ ಹೇಳು. ಅಂಜಬ್ಯಾಡ, ಹಾಂ?"

ಅವಳ ಲೆಕ್ಕದ ಪರೀಕ್ಷೆ ಇನ್ನೂ ಮುಂದಿತ್ತು. ಅದಕ್ಕೆ ನಾನೂ ರೋಹಿತನೂ ಏನೇನೋ ಹೇಳಿ ಕಳಿಸಿದೆವು. ಅವು ಹೋದವು, ಮುಟ್ಟಿದವು, ಯಾರೂ ತೆರೆಯಲಿಲ್ಲ.

ನಾನು ಪಾಸಾದೆ. ಫಲಿತಾಂಶ ಬಂದಾಗ ಮಾವಿನ ಕಾಲ ಮುಗಿಯುತ್ತಾ ಬಂದು ಕೊನೆಗೆ ಮಾಗುವ ನೀಲಂ ಜಾತಿ ಮಾತ್ರ ಉಳಿದಿತ್ತು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ, ಅವ್ವನ ಕಾಲದಿಂದ. ಆ ವರ್ಷ ಮನೆಗೆ ಒಳ್ಳೆಯದು ಮಾಡಿದವರ ಹೆಸರಿನಲ್ಲಿ ಒಂದು ಪೆಟ್ಟಿಗೆ ಹಣ್ಣು ತೆಗೆದಿಡುವುದು. ಹೆರಿಗೆ ಮಾಡಿಸಿದ ನರ್ಸಮ್ಮನಿಗೆ, ಹಸು ಬದುಕಿಸಿದ ಡಾಕ್ಟರಿಗೆ. ಒಮ್ಮೆ ಹೆಸರು ಹೇಳಿ ತೆಗೆದಿಟ್ಟರೆ ಮನೆಯವರು ಅದನ್ನು ಮುಟ್ಟುವ ಹಾಗಿಲ್ಲ, ಕೊಳೆತರೂ ಸರಿ. ಆ ವರ್ಷ ನಾಯ್ನ ಕಲೆಯಿಲ್ಲದ ನೀಲಂ ಕಾಯಿ ಒಂದೊಂದೇ ಆರಿಸಿ, ಹುಲ್ಲು ಹಾಸಿ, ಪೆಟ್ಟಿಗೆ ತುಂಬಿಸಿ "ಇದು ಸಾವಿತ್ರಮ್ಮಂದು" ಅಂದರು.

ವಿಳಾಸ ಬೇಕಿತ್ತು. ನಾಯ್ನನೇ ಆ ನಂಬರಿಗೆ ಫೋನು ಮಾಡಿದರು. ಕಟ್ಟೆಯ ಮೇಲೆ ನಾನು ಪಕ್ಕದಲ್ಲೇ ಇದ್ದೆ, ಸೌಂಡು ಪೂರ್ತಿ ಮೇಲಿತ್ತು.

"ಸಾವಿತ್ರಮ್ಮ ಇದಾರಾ? ಒಂದು ಬಾಕ್ಸ್ ಮಾವಿನಹಣ್ಣು ಕಳಿಸ್ಬೇಕಾಗಿತ್ತು. ಅಡ್ರೆಸ್ಸು ಹೇಳ್ತೀರಾ ಸ್ವಾಮಿ?"

ಆ ಕಡೆ ಗಂಡಸಿನ ಧ್ವನಿ, ಹಿಂದೆ ಯಾವುದೋ ಯಂತ್ರದ ಸದ್ದು. "ನೀವ್ಯಾರ್ರಿ? ಆಕಿ ನಿಮಗ ಹ್ಯಾಂಗ ಗೊತ್ತು?"

"ನಾನು ಕೋಲಾರದ ಕಡೆಯೋನು. ನನ್ ಮಗಳು..."

"ನಮ್ಮ ತಂಗಿ ಹೆಸರು ಹಿಡದು ಮತ್ತೊಮ್ಮೆ ಫೋನ್ ಹಚ್ಚಬ್ಯಾಡ್ರಿ. ಚಲೋ ಇರಂಗಿಲ್ಲ ನೋಡ್ರಿ."

ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲಿಲ್ಲ. ನಾಯ್ನ ಫೋನನ್ನು ಜೇಬಿಗೆ ಹಾಕಿಕೊಂಡರು. "ನಾನು ಮಾಡ್ಬಾರ್ದಿತ್ತೇನೋ. ಆ ಹುಡ್ಗೀಗೆ ಏನ್ ತೊಂದ್ರೆ ಆಯ್ತೋ," ಅಂದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪೆಟ್ಟಿಗೆಯ ಹಣ್ಣು ಮಾಗಿತು. ಮನೆ ತುಂಬ ಘಮ. ಅವ್ವ ಆ ಕಡೆ ನೋಡುತ್ತಿರಲಿಲ್ಲ, ನನ್ನ ಚಿಕ್ಕ ತಮ್ಮ ಮಾತ್ರ ನೋಡಿ ಬಾಯಲ್ಲಿ ನೀರು ಸುರಿಸುತ್ತಿದ್ದ. ಕೊನೆಗೆ ಒಂದು ಬೆಳಗ್ಗೆ ನಾಯ್ನ ಅದನ್ನು ಮೊಪೆಡ್ಡಿಗೆ ಕಟ್ಟಿ ಮಂಡಿಗೆ ಒಯ್ದರು. ಅವಳ ಮಾತು ಕೇಳಿದವರಾದರೂ ತಿನ್ನಲಿ ಎಂದು. ಸೀಸನ್ ಮುಗಿದು ಮಂಡಿ ಖಾಲಿ ಹೊಡೆಯುತ್ತಿತ್ತಂತೆ. ಪಾಷಾ ಭಾಯ್ ಉಳಿದಿದ್ದವರನ್ನೆಲ್ಲ ಕರೆದು "ಮೇಡಂ ಹಣ್ಣು" ಎಂದು ಹಂಚಿದರಂತೆ. ಯಾರೂ ರುಚಿಯ ಬಗ್ಗೆ ತೀರ್ಪು ಕೊಡಲಿಲ್ಲವಂತೆ. ನಾಯ್ನ ಖಾಲಿ ಪೆಟ್ಟಿಗೆ ವಾಪಸು ತಂದರು.

ಮುಂದಿನ ವರ್ಷ ಆ ಫೋನು ಟೊಮೇಟೊಗೆ ಔಷಧಿ ಹೊಡೆಯುವ ಡ್ರಮ್ಮಿನೊಳಗೆ ಬಿತ್ತು. ಎತ್ತಿ, ಒರೆಸಿ, ಅಕ್ಕಿಯಲ್ಲಿ ಹೂತಿಟ್ಟು ಏನು ಮಾಡಿದರೂ ಏಳಲಿಲ್ಲ. ಅವಳ ಅಷ್ಟೂ ಮಾತು ಅದರ ಜೊತೆ ಹೋಯಿತು. ಗ್ರೂಪೂ ಹೋಯಿತು. ರೋಹಿತ್ ಈಗಲೂ ಹಬ್ಬಕ್ಕೆ ಒಂದು ದೀಪದ ಚಿತ್ರ ಕಳಿಸುತ್ತಾನೆ, ನಾನೂ ಒಂದು ಕಳಿಸುತ್ತೇನೆ. ಮೊದಮೊದಲು ಇಬ್ಬರೂ ಕೇಳಿಕೊಳ್ಳುತ್ತಿದ್ದೆವು, ಸಾವಿತ್ರಿ ಸುದ್ದಿ ಏನಾದರೂ ಇದೆಯಾ ಎಂದು. ಈಗ ಕೇಳುವುದಿಲ್ಲ. ಅವಳು ಲೆಕ್ಕ ಬರೆದಳೋ ಇಲ್ಲವೋ, ಅವಳ ಹೆಸರನ್ನು ಯಾರಾದರೂ ಬರೆಸಿದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಅಪ್ಪನಿಗೆ 'ನಡಿ ಅನ್ರಿ' ಎಂದು ಹೇಳಿಕೊಟ್ಟವಳಿಗೆ ಅವಳ ಮನೆಯಲ್ಲಿ ನಡಿ ಅನ್ನುವವರು ಇದ್ದರೋ ಇಲ್ಲವೋ, ಅದೂ ಗೊತ್ತಿಲ್ಲ.

ಈಗ ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫೋನು. ನಾಯ್ನನಿಗೆ ಒಂದು, ಅಮ್ಮನಿಗೆ ಒಂದು, ತಮ್ಮನಿಗೆ ಎರಡು. ಸಿಗ್ನಲ್ಲಿಗೆ ಯಾರೂ ಕಟ್ಟೆ ಹತ್ತಬೇಕಾಗಿಲ್ಲ. ನಾನು ಊರಿಗೆ ಹೋದಾಗ ಎಲ್ಲರೂ ಊಟಕ್ಕೆ ಕೂರುತ್ತೇವೆ, ಕಿವಿಯಲ್ಲಿ ಒಂದೊಂದು ವೈರು. ಯಾರಿಗೆ ಏನು ಬಂತೆಂದು ಯಾರಿಗೂ ಗೊತ್ತಾಗುವುದಿಲ್ಲ. ನಾಯ್ನನ ಫೋನಿನ ಸೌಂಡನ್ನೂ ತಮ್ಮ ಕಡಿಮೆ ಮಾಡಿಟ್ಟಿದ್ದಾನೆ. ನನ್ನ ತಮ್ಮ ಯಾವುದರಲ್ಲಾದರೂ ಸೋತು ಮಲಗಿದರೆ ಅವನಿಗೆ ಎಲ್ಲಿಂದಲೋ ಒಬ್ಬರು 'ಎಲ್ಲಿ ಸತ್ತೀ' ಎಂದು ಕೇಳುತ್ತಾರೋ ಏನೋ, ಕೇಳಿದರೂ ನಮ್ಮ ಕಿವಿಗೆ ಬೀಳುವುದಿಲ್ಲ.

ಲ್ಯಾಬಿಗೆ ಎಲ್ಲ ಕಡೆಯವರೂ ಬರುತ್ತಾರೆ. ಪಕ್ಕದ ನರಸಾಪುರದ ಕಂಪನಿಗಳಿಗೆ ಕೆಲಸಕ್ಕೆ ಬಂದ ಮುಧೋಳದ ಕಡೆಯ ಹೆಣ್ಣುಮಕ್ಕಳೂ ಬರುತ್ತಾರೆ. 'ರೀ' ಎಂದು ಬಾಯಿ ತೆರೆದರೆ ನಾನು ಚೀಟಿಯಲ್ಲಿ ಹೆಸರಿದ್ದರೂ ಇನ್ನೊಮ್ಮೆ ಹೆಸರು ಕೇಳುತ್ತೇನೆ. ಇದುವರೆಗೆ ಒಬ್ಬ ಸಾವಿತ್ರಿ ಬಂದಿದ್ದಾಳೆ, ಅವಳು ಇವಳಲ್ಲ.

ಸೂಜಿ ನೋಡಿ ತೋಳು ಬಿಗಿ ಹಿಡಿಯುವವರಿಗೆ ಜೊತೆಯ ಹುಡುಗಿಯರು 'ಹೆದರ್ಕೋಬೇಡಿ' ಅನ್ನುತ್ತಾರೆ. ನನ್ನ ಬಾಯಿಗೆ ಆ ಮಾತು ಬರುವುದಿಲ್ಲ. ಮೊನ್ನೆ ಇಲ್ಲೇ ಪಕ್ಕದ ಹೋಳೂರಿನ ಒಬ್ಬ ಅಜ್ಜಿ ತೋಳು ಚಾಚಿ, ಮುಖ ತಿರುಗಿಸಿಕೊಂಡು, ನನ್ನ ಮಾತು ಕೇಳಿ ಮತ್ತೆ ಈ ಕಡೆ ತಿರುಗಿದಳು.

"ಅಂಜಬ್ಯಾಡ ಅಂತೀಯಲ್ಲ ಮಗಾ, ಯಾವೂರು ನಿಂದು?"

"ಮುಧೋಳದ ಹತ್ತಿರ ಅಜ್ಜಿ," ಅಂದೆ. ರಕ್ತ ಸಲೀಸಾಗಿ ಬಂತು.